ಲೋಕಾಪುರದ ಕುಂಟೆತ್ತು

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ಹೆದ್ದಾರಿಯು ಯರಗಟ್ಟಿಯನ್ನು ಹಿಂದಿಕ್ಕಿ, ಕೆಮ್ಮಣ್ಣಿನ ಬೋಳುಗುಡ್ಡಗಳ ನಡುವೆ ಪೂರ್ವಾಭಿಮುಖವಾಗಿ ಸಾಗುತ್ತ ಒಂದೆಡೆ ಮುಧೋಳದ ದಾರಿಯನ್ನು ಸಂಧಿಸುತ್ತದೆ. ಆ ಕೂಡುದಾರಿಯ ಊರೇ ಲೋಕಾಪುರ. ಉತ್ತರಕ್ಕೆ ನಡೆದರೆ ಘಟಪ್ರಭೆಯ ದಡದ ಮುಧೋಳ. ದಕ್ಷಿಣಕ್ಕೆ ಮಲಪ್ರಭೆಯ ದಡದ ರಾಮದುರ್ಗ. ಮೂಡಣಕ್ಕೆ, 1885ರವರೆಗೆ ಜಿಲ್ಲೆಯ ಕೇಂದ್ರವಾಗಿದ್ದು ಆ ಮೇಲೆ ಆ ಪಟ್ಟವನ್ನು ವಿಜಾಪುರಕ್ಕೆ ಬಿಟ್ಟುಕೊಟ್ಟು ಈಗ ಚಿಕ್ಕು ಹಣ್ಣಿಗಷ್ಟೇ ಹೆಸರಾಗಿ ಉಳಿದಿರುವ ಕಲಾದಗಿ. ಹೀಗೆ ನಾಲ್ಕು ದಿಕ್ಕಿಗೂ ದಾರಿ ತೋರಿಸುವ ಊರಿಗೆ ಒದಗುವ ದುರ್ದೈವ ಲೋಕಾಪುರಕ್ಕೂ ಒದಗಿದೆ. ಎಲ್ಲರೂ ಅದರ ಮೂಲಕ ಹೋಗುತ್ತಾರೆ. ಅದಕ್ಕಾಗಿ ಬರುವವರು ವಿರಳ. ಬಸ್ಸು ನಿಂತಷ್ಟು ಹೊತ್ತು ಚಹ ಕುಡಿದು, ಕಿಟಕಿಯಿಂದ ಪೇಟೆಯನ್ನು ನೋಡಿ, ಊರನ್ನು ಕಂಡೆವೆಂದು ಹೇಳಿಕೊಳ್ಳುವವರೇ ಹೆಚ್ಚು.

ಭೂವಿಜ್ಞಾನಿಗಳು ಮಾತ್ರ ಈ ಹೆಸರನ್ನು ಗೌರವದಿಂದ ಉಚ್ಚರಿಸುತ್ತಾರೆ. ಕಲಾದಗಿ ಶಿಲಾಸ್ತರಗಳ ಒಂದು ವಿಭಾಗಕ್ಕೆ ಅವರು ‘ಲೋಕಾಪುರ ಉಪಸಮೂಹ’ವೆಂದು ನಾಮಕರಣ ಮಾಡಿದ್ದಾರೆ. ನೂರು ಕೋಟಿ ವರುಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲೊಂದು ಹರಡಿದ್ದಿತು. ಅದರ ತಳದಲ್ಲಿ ಪದರ ಪದರವಾಗಿ ಕುಳಿತ ಕೆಸರೇ ಇಂದಿನ ಸುಣ್ಣಕಲ್ಲು, ಹಾಸುಗಲ್ಲುಗಳಾಗಿವೆ. ಈ ಸೀಮೆಯ ಸಿಮೆಂಟಿನ ಕಾರ್ಖಾನೆಗಳು ಬಗೆದು ತೆಗೆಯುತ್ತಿರುವುದು ಆ ಕಡಲಿನ ತಳವನ್ನೇ. ಅಷ್ಟು ಪುರಾತನವಾದ ಕೆಸರಿನ ಮೇಲೆ ನಿಂತ ಊರಿನಲ್ಲಿ ಪ್ರವಾಸಿಯು ನೋಡಲೇಬೇಕಾದ ವಸ್ತುವೂ ಕೆಸರಿನದೇ ಎಂಬುದು ತಮಾಷೆಯ ಸಂಗತಿ. ಆದರೆ ಅದರ ಆಯುಷ್ಯ ಎರಡೇ ದಿನ. ಮೊದಲ ದಿನ ಅದು ದೇವರು. ಎರಡನೆಯ ದಿನ ಅದು ಕುಂಟ.

ಜ್ಯೇಷ್ಠ ಮಾಸದ ಅಮಾವಾಸ್ಯೆಯನ್ನು ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಎನ್ನುತ್ತಾರೆ. ಜೂನ್ ತಿಂಗಳಲ್ಲೋ ಜುಲೈ ಮೊದಲಿನಲ್ಲೋ ಬರುವ ಈ ಹಬ್ಬದ ವೇಳೆಗೆ ಶಾಲೆಗಳು ಬೇಸಿಗೆಯ ಬಿಡುವನ್ನು ಮುಗಿಸಿ ಬಾಗಿಲು ತೆರೆದಿರುತ್ತವೆ. ಮುಂಗಾರಿನ ಒಂದೆರಡು ಮಳೆ ಬಿದ್ದಿರುತ್ತದೆ, ಅಥವಾ ಬೀಳಬೇಕಾಗಿರುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ವರುಷಕ್ಕೆ ಸುರಿಯುವ ಮಳೆ 600 ಮಿಲಿಮೀಟರಿಗೂ ಕಡಮೆಯಾದ್ದರಿಂದ, ಇಲ್ಲಿನ ಒಕ್ಕಲಿಗನು ಜೂನ್ ತಿಂಗಳಲ್ಲಿ ಆಕಾಶವನ್ನು ನೋಡುವ ದೃಷ್ಟಿಯೇ ಬೇರೆ. ಇದಕ್ಕೆ ಹದಿನೈದು ದಿನ ಮೊದಲು, ಕಾರಹುಣ್ಣಿವೆಯಂದು, ನಿಜವಾದ ಎತ್ತುಗಳ ಸರದಿ. ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೋಡಣಸು ಜೂಲುಗಳನ್ನು ತೊಡಿಸಿ, ಸಂಜೆ ಊರ ಬಾಗಿಲಲ್ಲಿ ಕರಿ ಹರಿಯಲು ಓಡಿಸುತ್ತಾರೆ. ಬಿಳಿಯ ಎತ್ತು ಮುಂದಾದರೆ ಬಿಳಿಜೋಳದ ಬೆಳೆ ಚೆನ್ನಾಗುವುದೆಂದೂ, ಕೆಂದೆತ್ತು ಮುಂದಾದರೆ ಮುಂಗಾರಿನ ಬೆಳೆಗೆ ಒಳ್ಳೆಯದೆಂದೂ ಹಿರಿಯರು ಲೆಕ್ಕ ಹಾಕುವುದುಂಟು. ಅದು ದೊಡ್ಡವರ ಹಬ್ಬ. ಆ ನೂಕುನುಗ್ಗಲಿನಲ್ಲಿ ಎತ್ತಿನ ಹತ್ತಿರ ಸುಳಿಯಲು ಮಕ್ಕಳಿಗೆ ಅವಕಾಶವಿಲ್ಲ. ಅವರ ಎತ್ತು ಬರುವುದು ಅಮಾವಾಸ್ಯೆಗೆ.

ಎತ್ತಿನ ಮಣ್ಣು ಕಪ್ಪಾದ ಎರೆಮಣ್ಣು. ಈ ಮಣ್ಣಿನ ಸ್ವಭಾವವನ್ನು ಅರಿಯದವನು ಇದರಿಂದ ಇಲಿಯನ್ನೂ ಮಾಡಲಾರ. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಬಿರಿಯುವುದು ಅದರ ಹುಟ್ಟುಗುಣ. ಬೇಸಿಗೆಯಲ್ಲಿ ಎರೆಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು ಬಾಯಿ ತೆರೆಯುವುದು ಇದೇ ಕಾರಣದಿಂದ. ಆದುದರಿಂದ ಮಣ್ಣನ್ನು ಹರಳಿಲ್ಲದಂತೆ ಆರಿಸಿ, ನೆನೆಯಿಟ್ಟು, ತುಳಿದು, ರೊಟ್ಟಿಯ ಹಿಟ್ಟಿನಂತೆ ನಾದಬೇಕು. ಎತ್ತಿನ ಕಾಲುಗಳು ಗಿಡ್ಡವಾಗಿ, ದಪ್ಪವಾಗಿ, ತುಸು ಅಗಲಿ ನಿಂತಿರಬೇಕು. ಸಣ್ಣ ಕಾಲಿನ ಎತ್ತು ಒಣಗುವ ಮುನ್ನವೇ ಕುಸಿದು ಕೂರುವುದು. ಇಣಿಯನ್ನು ಚಿವುಟಿ ಎಬ್ಬಿಸಬೇಕು. ಕೋಡುಗಳನ್ನು ಕೊನೆಗೆ ಅಂಟಿಸಬೇಕು. ಕಣ್ಣಿಗೆ ಜೋಳದ ಕಾಳು ಅಥವಾ ಕುಸುಬಿಯ ಕಾಳು. ಜೊತೆಗೆ ಮೇವುಣ್ಣಲು ಒಂದು ಗೋದಲಿ. ಬಿಸಿಲಿಗಿಡದೆ ನೆರಳಿನಲ್ಲಿ ಒಣಗಿಸಿ, ಬಿರಿದಲ್ಲಿ ಕೆಸರಿನ ನೀರು ಸವರಬೇಕು. ಇದನ್ನು ಸುಡುವುದಿಲ್ಲ. ಕುಂಬಾರನ ಆವಿಗೆಗೂ ಈ ಎತ್ತಿಗೂ ಸಂಬಂಧವಿಲ್ಲ; ಏಕೆಂಬುದು ಮುಂದೆ ತಿಳಿಯುವುದು.

ಕುಂಬಾರರು ಈ ಎತ್ತುಗಳನ್ನು ಮಾಡಿ ಮನೆಮನೆಗೆ ಕೊಟ್ಟು ಕಾಳನ್ನು ಪಡೆಯುವುದು ಹಳೆಯ ಪದ್ಧತಿ. ಪೇಟೆಗಳಲ್ಲಿ ದುಡ್ಡಿಗೆ ಮಾರುವುದು ಅನಂತರದ್ದು. ಹೊಲವಿದ್ದವರ ಮನೆಗೂ ಇಲ್ಲದವರ ಮನೆಗೂ ಒಂದೊಂದು ಜೋಡಿ ಬರುತ್ತದೆ. ಜಗಲಿಯ ಮೇಲೆ ಅವನ್ನಿಟ್ಟು, ಅರಿಸಿನ ಕುಂಕುಮ ಹಚ್ಚಿ, ಹೋಳಿಗೆ ಕಡಬುಗಳ ನೈವೇದ್ಯವಾಗಿ ಆರತಿ ಬೆಳಗುತ್ತಾರೆ. ಬಸವಣ್ಣನೆಂದು ಕೈ ಮುಗಿದ ಕೈಯೇ ಗಳಿಗೆಯ ಮೇಲೆ ಬಸವಣ್ಣನನ್ನು ಎತ್ತಿಕೊಂಡು ಅಂಗಳಕ್ಕೆ ಓಡುತ್ತದೆ. ಅಷ್ಟು ಹೊತ್ತು ದೇವರಾಗಿದ್ದ ಮಾತ್ರಕ್ಕೆ ಅದು ಆಟಿಕೆಯಾಗಲು ಯಾವ ಅಡ್ಡಿಯೂ ಇಲ್ಲ. ಮಗುವು ಅದಕ್ಕೆ ದಾರದ ಮೂಗುದಾಣ ಕಟ್ಟುತ್ತದೆ, ಗೋದಲಿಗೆ ಹುಲ್ಲಿನ ಎಸಳು ಹಾಕುತ್ತದೆ, ರಾತ್ರಿ ಮಲಗುವ ಮುನ್ನ ಅದು ಮೇಯಿತೇ ಎಂದು ನೋಡುತ್ತದೆ. ಹತ್ತು ಮನೆಯ ಹತ್ತು ಜೋಡಿಗಳನ್ನು ಒಂದೆಡೆ ಇಟ್ಟರೂ ತನ್ನ ಎತ್ತು ಯಾವುದೆಂದು ಅದಕ್ಕೆ ಗೊತ್ತು.

ಮಾರನೆಯ ದಿನ, ಆಷಾಢದ ಪಾಡ್ಯ. ಆ ದಿನ ಲೋಕಾಪುರದಂಥ ಊರಿನ ಓಣಿಗಳಲ್ಲಿ ನಿಂತು ನೋಡುವ ಪರಸ್ಥಳದವನಿಗೆ ಒಂದು ಸೋಜಿಗ ಕಾದಿರುತ್ತದೆ. ಬಾಗಲಕೋಟೆ ವಿಜಯಪುರಗಳ ಸೀಮೆಯಲ್ಲಿ ಹುಡುಗರ ಹಿಂಡು ಒಂದು ಮಣ್ಣೆತ್ತನ್ನು ಆರಿಸಿ, ಅದರ ಒಂದು ಕಾಲನ್ನು ಮುರಿಯುತ್ತದೆ. ಜಾರಿ ಬಿದ್ದು ಮುರಿದದ್ದಲ್ಲ, ಜಗಳದಲ್ಲಿ ಮುರಿದದ್ದೂ ಅಲ್ಲ; ಬೇಕೆಂದೇ, ಎಚ್ಚರಿಕೆಯಿಂದ, ಒಂದೇ ಕಾಲನ್ನು ಮುರಿದದ್ದು. ನಿನ್ನೆ ಹುಲ್ಲು ತಿನ್ನಿಸಿದ ಕೈಗಳೇ ಇಂದು ಈ ಕೆಲಸಕ್ಕೆ ಮುಂದಾಗುತ್ತವೆ. ಹೀಗೆ ಕುಂಟಾದ ಎತ್ತನ್ನು ಹಿಡಿದು ಹಿಂಡು ಮನೆ ಮನೆಯ ಮುಂದೆ ನಿಲ್ಲುತ್ತದೆ. ಎಂಟು ಎತ್ತುಗಳಲ್ಲಿ ಒಂದು ಕುಂಟಾಗಿ ಬಂದಿದೆ, ಇದಕ್ಕೆ ಜೋಳ ನೀಡಿರೆಂಬ ಅರ್ಥದ ಕೂಗನ್ನು ಎಲ್ಲರೂ ಒಕ್ಕೊರಲಿನಿಂದ ಕೂಗುತ್ತಾರೆ. ಒಳಗಿನಿಂದ ಬೊಗಸೆ ಜೋಳವೋ ನಾಲ್ಕು ಕಾಸೋ ಬರುತ್ತದೆ. ಇಲ್ಲವೆಂದು ಹೇಳುವ ಮನೆಯವರಿಗೆ ಎತ್ತಿನ ಮುರಿದ ಕಾಲನ್ನು ಇನ್ನಷ್ಟು ಹತ್ತಿರದಿಂದ ತೋರಿಸುವ ಚಾಣಾಕ್ಷರು ಯಾವ ಹಿಂಡಿನಲ್ಲಿಯೂ ಇದ್ದೇ ಇರುತ್ತಾರೆ.

ಮುಧೋಳವೆಂದೊಡನೆ ಕನ್ನಡಿಗರಿಗೆ ನೆನಪಾಗುವವರು ಇಬ್ಬರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಕಾಣಿಸಿಕೊಂಡ ಸಣಕಲು ಮೈಯ ಬೇಟೆನಾಯಿ ಒಂದು. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನ ಇನ್ನೊಬ್ಬ. ತೊಡೆ ಮುರಿದು ಬಿದ್ದ ದುರ್ಯೋಧನನಿಗಾಗಿ ಓದುಗರ ಕಣ್ಣಲ್ಲಿ ನೀರು ತರಿಸಿದ ಕವಿಯ ನಾಡಿನಲ್ಲಿ, ಕಾಲು ಮುರಿದ ಎತ್ತಿಗಾಗಿ ಜೋಳ ಬೇಡುವ ಮಕ್ಕಳು. ಎರಡಕ್ಕೂ ಸಂಬಂಧ ಕಲ್ಪಿಸುವುದು ಪಂಡಿತರಿಗೆ ಸಲ್ಲದ ಮಾತಾಗಬಹುದು. ಆದರೂ ಆ ದಾರಿಯಲ್ಲಿ ಹೋಗುವವನಿಗೆ ಹಾಗೆ ತೋರದೆ ಇರದು.

ಮಗುವಿನ ಮೆಚ್ಚಿನ ಆಟಿಕೆಯನ್ನು ಯಾರು ಮುಟ್ಟಬಹುದು, ಯಾರು ಮಾರ್ಪಡಿಸಬಹುದು ಎಂಬ ಪ್ರಶ್ನೆಯು ಹುಡುಗಾಟದ್ದಲ್ಲ. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಓದಿ 1953ರಲ್ಲಿ ಅಚ್ಚಾದ ಒಂದು ಪ್ರಬಂಧದಲ್ಲಿ ಇದನ್ನೇ ಎತ್ತಿಕೊಂಡನು. ಕೂಸು ಸದಾ ಅವುಚಿಕೊಂಡಿರುವ ಕಂಬಳಿಯ ಚೂರು, ಅರಿವೆಯ ಗೊಂಬೆ ಮುಂತಾದವು ಬದಲಾಗಕೂಡದು, ಬದಲಾಗುವುದಾದರೆ ಆ ಕೂಸಿನಿಂದಲೇ ಆಗಬೇಕು ಎಂಬುದು ಅವನು ಕಂಡುಕೊಂಡ ನಿಯಮಗಳಲ್ಲೊಂದು. ಅದು ಕೊಳೆಯಾಗಿ ನಾರುತ್ತಿದ್ದರೂ ತಾಯಿ ತೊಳೆಯಲು ಹಿಂಜರಿಯುವುದೇಕೆ? ತೊಳೆದೊಡನೆ ಮಗುವಿನ ಅನುಭವದ ಎಳೆ ತುಂಡಾಗುವುದೆಂದು ಅವಳಿಗೆ ತಿಳಿದಿರುತ್ತದೆ. ಮಗುವು ತಾನೇ ಅದನ್ನು ಎಳೆದಾಡಲಿ, ಕಚ್ಚಲಿ, ಹರಿಯಲಿ, ಅದು ಸರಿ. ಪರರು ಅಕ್ಕರೆಯಿಂದಲೇ ತಿದ್ದಿದರೂ ಅದು ಸರಿಯಲ್ಲ. ಲಂಡನ್ನಿನ ವೈದ್ಯನು ಬರೆದಿಟ್ಟ ಈ ನಿಯಮವನ್ನು ಆಷಾಢದ ಪಾಡ್ಯದ ಹುಡುಗರು ಓದಿಲ್ಲ. ಆದರೆ ತಮ್ಮ ಎತ್ತಿನ ಕಾಲನ್ನು ಮುರಿಯುವ ಅಧಿಕಾರವು ತಮ್ಮದೇ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಪರರು ತಿದ್ದುವ ಸಂದರ್ಭಗಳೂ ಈಗ ಹೆಚ್ಚಿವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಬೇಸಿಗೆ ಶಿಬಿರಗಳು ನಡೆಯುವುದು ಮೈಸೂರು ಬೆಂಗಳೂರುಗಳ ವಾಡಿಕೆಯಷ್ಟೇ ಆಗಿ ಉಳಿದಿಲ್ಲ. ತಾಲೂಕು ಊರುಗಳಲ್ಲಿಯೂ ಹಳ್ಳಿಯ ಗ್ರಂಥಾಲಯಗಳಲ್ಲಿಯೂ ಅವು ನಡೆಯುತ್ತಿವೆ. ಹಾಡು, ನಾಟಕ, ಕಾಗದದ ಕೆಲಸಗಳ ಜೊತೆಗೆ ಮಣ್ಣಿನ ಕೆಲಸವೂ ಉಂಟು. ಇದು ಒಳ್ಳೆಯದೇ. ಮಣ್ಣು ಮುಟ್ಟಿದರೆ ರೋಗವೆಂದು ಬೆಳೆದ ನಗರದ ಮಗುವಿಗೆ ಇದು ದೊಡ್ಡ ಭಾಗ್ಯ. ರಜೆಗೆಂದು ಅಜ್ಜಿಯ ಊರಿಗೆ ಬಂದ ಹುಡುಗಿ ಅಲ್ಲಿಯ ಹುಡುಗರ ಜೊತೆಗೆ ಶಿಬಿರದ ಚಾಪೆಯ ಮೇಲೆ ಕುಳಿತು ಎತ್ತೊಂದನ್ನು ಮಾಡುತ್ತಾಳೆಂದು ಭಾವಿಸೋಣ. ಕಾಲು ಕಂಬದಂತಿದೆ, ಒಂದು ಕೋಡು ದೊಡ್ಡದು, ಬಾಲ ಎಲ್ಲಿಯೋ ಅಂಟಿದೆ. ಅವಳಿಗೆ ಅದು ಸಾಕ್ಷಾತ್ ಎತ್ತು. ಕಲಿಸುವ ಉತ್ಸಾಹಿ ತರುಣನು ಹಿಂದಿನಿಂದ ಬಂದು, ‘ಹೀಗಲ್ಲ, ಹೀಗೆ’ ಎಂದು ಎರಡು ನಿಮಿಷದಲ್ಲಿ ಕಾಲನ್ನು ತೆಳ್ಳಗೆ ಮಾಡಿ, ಕೋಡನ್ನು ಸರಿತೂಗಿಸಿ, ಸಂಜೆಯ ಪ್ರದರ್ಶನಕ್ಕೆ ಇರಲೆಂದು ಬಿಳಿಯ ಬಣ್ಣವನ್ನೂ ಬಳಿದುಬಿಡುತ್ತಾನೆ. ತಂದೆತಾಯಿಗಳು ಬಂದು ಚಪ್ಪಾಳೆ ತಟ್ಟುತ್ತಾರೆ. ಮನೆಗೆ ಒಯ್ಯೆಂದರೆ ಹುಡುಗಿ ಒಲ್ಲೆನೆನ್ನುತ್ತಾಳೆ. ಏಕೆಂದು ಕೇಳಿದರೆ ಅವಳ ಬಳಿ ಉತ್ತರವಿಲ್ಲ. ದೊಡ್ಡವರು ಇದನ್ನು ಹಟವೆಂದು ಕರೆಯುತ್ತಾರೆ. ಎತ್ತು ಅಂದವಾಯಿತೆಂಬುದು ನಿಜ. ಅದು ಯಾರದೋ ಎತ್ತಾಯಿತೆಂಬುದೂ ನಿಜ. ಇದರ ಮೇಲೆ, ಆ ತೆಳುಗಾಲಿನ ಎತ್ತು ಒಣಗುವಾಗ ಬಿರಿಯುವುದು ಬೇರೆ! ಕಂಬದಂಥ ಕಾಲನ್ನು ಇಟ್ಟ ಹುಡುಗಿಗಿದ್ದ ಮಣ್ಣಿನ ಜ್ಞಾನ ತಿದ್ದಿದವನಿಗೆ ಇರಲಿಲ್ಲ.

ಸಂಸ್ಕೃತ ನಾಟಕಗಳನ್ನು ಬಲ್ಲವರಿಗೆ ಇಲ್ಲಿ ‘ಮೃಚ್ಛಕಟಿಕ’ದ ರೋಹಸೇನನು ನೆನಪಾಗಬಹುದು. ನೆರೆಮನೆಯ ಮಗುವಿನ ಚಿನ್ನದ ಬಂಡಿಯನ್ನು ಕಂಡು ಬಂದ ಆ ಬಾಲಕನು ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ಕರುಣೆ ಉಕ್ಕಿದ ವಸಂತಸೇನೆ ತನ್ನ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಮಗುವಿನ ಆಟಿಕೆಯೊಳಗೆ ದೊಡ್ಡವರ ಚಿನ್ನ ಸೇರಿತು. ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧ ಸಾಕ್ಷಿಯಾಗಿ ಉದುರಿ ಬೀಳುತ್ತವೆ. ವಸಂತಸೇನೆಯ ಮನಸ್ಸು ನಿರ್ಮಲವಾಗಿತ್ತೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ.

ಪೇಟೆಯೂ ಮಣ್ಣೆತ್ತನ್ನು ತಿದ್ದಿದೆ. ಅಚ್ಚಿನಲ್ಲಿ ಎರಕ ಹೊಯ್ದ, ಥಳಥಳಿಸುವ ಬಣ್ಣದ, ಒಂದರಂತೆ ಒಂದಿರುವ ಪ್ಲಾಸ್ಟರಿನ ಎತ್ತುಗಳು ಸಂತೆಗೆ ಬಂದು ವರುಷಗಳಾದವು. ಜಿಪ್ಸಮ್ ಕಲ್ಲನ್ನು ಕಾಯಿಸಿ ಮಾಡುವ ಈ ಪುಡಿಗೆ ನೀರು ಬೆರೆತೊಡನೆ ಅದು ಗಟ್ಟಿಯಾಗುತ್ತದೆ. ಮತ್ತೆ ನೀರಿಗೆ ಹಾಕಿದರೆ ಕರಗುವ ಗೋಜಿಗೇ ಹೋಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಗಳು ಬೇಡವೆಂದು ಹೇಳಿದುದು ಕೆರೆಬಾವಿಗಳ ಹಿತಕ್ಕಾಗಿ. ಮಕ್ಕಳ ಹಿತವು ಅದರಲ್ಲಿ ತಾನಾಗಿ ಸೇರಿಕೊಂಡಿದೆ. ಏಕೆಂದರೆ ಇಂಥ ಎತ್ತಿನ ಕಾಲನ್ನು ಮುರಿಯುವುದು ಸುಲಭವಲ್ಲ. ಮುರಿದರೂ ಒಳಗಿನಿಂದ ಸುಣ್ಣದಂಥ ಬಿಳುಪು ಇಣುಕಿ, ಎತ್ತು ಕುಂಟಾಯಿತೆಂಬ ಬದಲು ಸಾಮಾನು ಕೆಟ್ಟಿತೆಂಬ ಭಾವ ಮೂಡುತ್ತದೆ. ಎರೆಮಣ್ಣಿನ ಎತ್ತು ಮೇಲೂ ಕಪ್ಪು, ಒಳಗೂ ಕಪ್ಪು.

ಗಟ್ಟಿಯಾಗಿ ಉಳಿಯುವ ಎತ್ತು ಎಲ್ಲೆಡೆಯೂ ತಪ್ಪೆಂದಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ ಹಬ್ಬ. ಅದರ ಮರುದಿನ ನಾಗಪುರದ ಕಡೆ ಮಕ್ಕಳಿಗಾಗಿಯೇ ‘ತಾನ್ಹಾ ಪೋಳಾ’ ನಡೆಯುತ್ತದೆ. ಅಲ್ಲಿ ಗಾಲಿಯಿರುವ ಮರದ ಎತ್ತುಗಳನ್ನು ಅಲಂಕರಿಸಿ ಮಕ್ಕಳು ಎಳೆದುಕೊಂಡು ಬರುತ್ತಾರೆ. ಮರದ ಎತ್ತು ತಂದೆಯಿಂದ ಮಗನಿಗೆ ಬರುವುದೂ ಉಂಟು. ಸಿಂಧೂ ಕಣಿವೆಯ ಮಕ್ಕಳ ಎತ್ತು ಬಂಡಿಗಳು ಸುಟ್ಟ ಮಣ್ಣಿನವಾದ್ದರಿಂದ ನಾಲ್ಕು ಸಾವಿರ ವರುಷಗಳ ಮೇಲೂ ವಸ್ತುಸಂಗ್ರಹಾಲಯದ ಗಾಜಿನೊಳಗೆ ನಿಂತಿವೆ. ದಾರ ಎಳೆದರೆ ತಲೆಯಾಡಿಸುವ ಎತ್ತೂ ಅವುಗಳಲ್ಲುಂಟು. ಲೋಕಾಪುರದ ಸೀಮೆಯಲ್ಲಿ ಎಷ್ಟು ತಲೆಮಾರುಗಳ ಮಕ್ಕಳು ಎಷ್ಟು ಎತ್ತುಗಳನ್ನು ಆಡಿಸಿದರೋ, ಅವುಗಳಲ್ಲಿ ಒಂದೂ ಯಾವ ಗಾಜಿನೊಳಗೂ ಉಳಿಯಲಾರದು. ಸುಡದೆ ಬಿಟ್ಟಿದ್ದರ ಅರ್ಥವೇ ಅದು.

ನಿಜದ ಎತ್ತಿನ ಸಂಗತಿಯನ್ನೂ ಹೇಳದೆ ಮುಗಿಸಲಾಗದು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಎರೆಭೂಮಿಯನ್ನು ಉಳಲೆಂದೇ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಭಾಗದ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೇಜ್ ತಳಿಗಳನ್ನು ಸ್ಥಳೀಯ ದನಗಳೊಡನೆ ಬೆರೆಸಿ ಕೃಷ್ಣಾ ಕಣಿವೆಯ ತಳಿಯನ್ನು ಬೆಳೆಸಿದರು. ಆನೆಯಂಥ ಮೈ, ನಿಧಾನದ ನಡಿಗೆ, ಜಿಗುಟಾದ ಕರಿಮಣ್ಣಿನಲ್ಲಿ ನೇಗಿಲನ್ನು ನಿಲ್ಲಿಸದೆ ಎಳೆಯುವ ಶಕ್ತಿ. ಟ್ರ್ಯಾಕ್ಟರು ಬಂದ ಮೇಲೆ ಆ ಬಲಕ್ಕೆ ಕೆಲಸವಿಲ್ಲದಾಯಿತು. ತಳಿ ಕ್ಷೀಣಿಸುತ್ತ ಬಂದಿತು. ಮುಧೋಳ ಜಮಖಂಡಿಗಳ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಯ ಹಾದಿ ಹಿಡಿದ ಟ್ರ್ಯಾಕ್ಟರುಗಳ ಸಾಲು ಸುಗ್ಗಿಯಲ್ಲಿ ಮುಗಿಯುವುದೇ ಇಲ್ಲ. ಹಟ್ಟಿಯಲ್ಲಿ ಎತ್ತಿಲ್ಲದ ಮನೆಗೂ ಅಮಾವಾಸ್ಯೆಯಂದು ಮಣ್ಣಿನ ಜೋಡಿ ಬರುತ್ತದೆ. ಅಜ್ಜನಿಗೆ ಅದು ಮಾರಿದ ಎತ್ತುಗಳ ಗುರುತು; ಅವನು ಅವುಗಳ ಹೆಸರನ್ನು ಮಕ್ಕಳಿಗೆ ಹೇಳುತ್ತಾನೆ. ಮೊಮ್ಮಗನಿಗೆ ಅದು ಯಾವುದರ ಗುರುತೂ ಅಲ್ಲ, ಅದೇ ಎತ್ತು. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಮ್ಮತದವರು. ಜಗಲಿಯ ಮೇಲೆ ಟ್ರ್ಯಾಕ್ಟರನ್ನು ಇಟ್ಟು ಆರತಿ ಬೆಳಗಲು ಇಬ್ಬರಿಗೂ ಮನಸ್ಸಿಲ್ಲ.

ಪಾಡ್ಯದ ಸಂಜೆಯ ಹೊತ್ತಿಗೆ ಹಿಂಡಿನ ಜೋಳಿಗೆ ಭಾರವಾಗಿರುತ್ತದೆ. ಕೂಡಿಸಿದ ಜೋಳವನ್ನು ಅಂಗಡಿಗೆ ಕೊಟ್ಟು ಬೆಲ್ಲ ಮಂಡಕ್ಕಿ ಕೊಳ್ಳಬೇಕೋ, ಯಾರ ಮನೆಯಲ್ಲಾದರೂ ಅಡಿಗೆ ಮಾಡಿಸಬೇಕೋ ಎಂಬ ವಿಷಯದಲ್ಲಿ ಗಂಭೀರವಾದ ಚರ್ಚೆ ನಡೆಯುತ್ತದೆ. ಎತ್ತು ಯಾರದಾಗಿತ್ತೋ ಅವನ ಮಾತಿಗೆ ತುಸು ಹೆಚ್ಚು ತೂಕ. ಅನಂತರ ಎಲ್ಲರೂ ಊರ ಹೊರಗಿನ ಬಾವಿಗೋ ಹಳ್ಳಕ್ಕೋ ನಡೆಯುತ್ತಾರೆ. ಎತ್ತಿನ ಒಡೆಯನೇ ಅದನ್ನು ನೀರಿಗೆ ಬಿಡಬೇಕು. ಮೂರು ಕಾಲಿನ ಎತ್ತು ನಿಲ್ಲದೆ ಪಕ್ಕಕ್ಕೆ ವಾಲಿ, ಕೆಲವು ಗುಳ್ಳೆಗಳನ್ನು ಬಿಟ್ಟು, ಮೊದಲು ಕೋಡು, ಆ ಮೇಲೆ ಇಣಿ, ಹೀಗೆ ಒಂದೊಂದಾಗಿ ಮೆತ್ತಗಾಗುತ್ತದೆ. ಕಣ್ಣಿಗಿಟ್ಟಿದ್ದ ಜೋಳದ ಕಾಳುಗಳೆರಡು ಬಿಡಿಸಿಕೊಂಡು ತಳಕ್ಕಿಳಿಯುತ್ತವೆ. ಹುಡುಗರು ಉಣ್ಣಲು ಓಡುತ್ತಾರೆ.

ಅವರು ಮಣ್ಣು ತಂದ ದಂಡೆಯಲ್ಲಿ ಕೈಯಷ್ಟಗಲದ ಗುಳಿಗಳು ಹಾಗೆಯೇ ಇರುತ್ತವೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ಪೂಜೆ. ಅದು ಹುಡುಗಿಯರ ಹಬ್ಬ. ಮೊದಲ ಮಂಗಳವಾರ ಅವರು ಅದೇ ಗುಳಿಗಳ ಹತ್ತಿರ ಬುಟ್ಟಿಯನ್ನಿಟ್ಟು, ಗುಲಗಂಜಿ ಎಷ್ಟು ಬೇಕಾಗುವುದೆಂದು ಲೆಕ್ಕ ಹಾಕುತ್ತ, ಹರಳಿಲ್ಲದ ಮಣ್ಣನ್ನು ಆರಿಸಲು ಕುಳಿತುಕೊಳ್ಳುತ್ತಾರೆ.